ಲಿನಕ್ಸ್ ಯಂತ್ರ ಏಳದಿದ್ದರೆ ಮಾಡತಕ್ಕದ್ದೇನು?

ಜ್ವರ ಯಾವುದೆಂದು ನೋಡದೆ ಔಷಧ ಕುಡಿಸುವ ವೈದ್ಯನನ್ನು ಯಾರೂ ಮೆಚ್ಚುವುದಿಲ್ಲ. ಆದರೆ ನಮ್ಮ ಲ್ಯಾಪ್‌ಟಾಪು ಒಂದು ಮುಂಜಾನೆ ಏಳದೆ ಕರಿಯ ಪರದೆ ತೋರಿಸಿತೆಂದರೆ ನಾವು ಮಾಡುವುದು ಇದನ್ನೇ. ‘ಫಾರ್ಮ್ಯಾಟ್ ಮಾಡಿಸಿಬಿಡು’ ಎಂಬ ಉಪದೇಶ ನಾಲ್ಕೂ ದಿಕ್ಕಿನಿಂದ ಬರುತ್ತದೆ. ಫಾರ್ಮ್ಯಾಟ್ ಎಂದರೆ ಯಂತ್ರದೊಳಗೆ ಕೂಡಿಟ್ಟದ್ದನ್ನೆಲ್ಲ ಅಳಿಸಿ ಹೊಸದಾಗಿ ಆರಂಭಿಸುವುದು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ ಇದು. ಲಿನಕ್ಸ್ ಹಾಕಿದ ಲ್ಯಾಪ್‌ಟಾಪು ಏಳದಿದ್ದಾಗ ತಪ್ಪು ಎಲ್ಲಿದೆಯೆಂದು ಕಂಡುಹಿಡಿಯುವ ಕ್ರಮವನ್ನು ನನಗೆ ತಿಳಿದಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ. ನಾನು ಗಣಕಶಾಸ್ತ್ರದ ವಿದ್ಯಾರ್ಥಿಯಲ್ಲ, ಕಲಾವಿಭಾಗದವನು. ಆದುದರಿಂದ ಬಲ್ಲವರು ನನ್ನ ಸಾಹಸವನ್ನು ಮನ್ನಿಸಬೇಕು.

ಈ ವಿಷಯಕ್ಕೆ ನಾನು ಕೈಹಾಕಿದ್ದು ಒಂದು ಪ್ರಸಂಗದಿಂದ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತದ ಆಟ ಹುಟ್ಟಿ ಬೆಳೆದ ಸೀಮೆ ನಮ್ಮದು. ಕಿರುಸಂಶೋಧನೆಗಾಗಿ ನಮ್ಮೂರಿನ ಹಿರಿಯ ಕಲಾವಿದರೊಬ್ಬರು ಹಾಡಿದ ಪಾರಿಜಾತದ ಪದಗಳನ್ನು ನಾಲ್ಕು ತಿಂಗಳ ಕಾಲ ಧ್ವನಿಮುದ್ರಿಸಿಕೊಂಡಿದ್ದೆ. ಎಲ್ಲವೂ ಸೇರಿ 43 ಪದಗಳು. ಅವು ಇದ್ದದ್ದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ. ಬೇರೊಂದೆಡೆ ಪ್ರತಿ ಮಾಡಿ ಇಡಬೇಕೆಂಬ ಬುದ್ಧಿ ಆಗ ನನಗಿರಲಿಲ್ಲ. ಆ ಹಿರಿಯರು ಶ್ರಾವಣದಲ್ಲಿ ತೀರಿಕೊಂಡರು. ಅದಾದ ಮೂರು ವಾರಗಳಿಗೆ, ಒಂದು ಮಳೆಯ ರಾತ್ರಿ ನಾನು ಪದವೊಂದನ್ನು ತಿದ್ದುತ್ತ ಕುಳಿತಾಗ ಕರೆಂಟು ಹೋಯಿತು. ಬ್ಯಾಟರಿ ಮೊದಲೇ ಸತ್ತಿದ್ದುದರಿಂದ ಯಂತ್ರವೂ ಅದರ ಜೊತೆಗೇ ಆರಿತು. ಮರುದಿನ ಗುಂಡಿ ಒತ್ತಿದರೆ ಕರಿಯ ಪರದೆಯ ಮೇಲೆ ನಾಲ್ಕು ಸಾಲು ಬಿಳಿಯ ಅಕ್ಷರಗಳು ಮೂಡಿ ಅಲ್ಲಿಯೇ ನಿಂತವು.

ಪೇಟೆಯ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿಯವರು ಒಮ್ಮೆ ನೋಡಿ, “ಲಿನಕ್ಸ್ ಐತೇನ್ರಿ? ಹಂಗಾರ ಫಾರ್ಮ್ಯಾಟ್ ಹೊಡದ ಬಿಡೂಣು. ಒಳಗಿಂದೇನೂ ಉಳಿಯೂದಿಲ್ಲ ನೋಡ್ರಿ” ಎಂದರು. ನಾನು ಉತ್ತರ ಕೊಡಲಾರದೆ ಯಂತ್ರವನ್ನು ಎತ್ತಿಕೊಂಡು ಊರಿಗೆ ಬಂದೆ. ಮನೆಯಲ್ಲಿ ಅಪ್ಪನ ಮುಂದೆ ನಡೆದುದನ್ನು ಹೇಳಿದಾಗ ಅವರು ಕೇಳಿದ್ದು ಇಷ್ಟೇ: “ನೀರ ಬರಲಿಲ್ಲಂದ್ರ ಹೊಲಾ ಅಗೀತಾರೇನೋ ತಮ್ಮಾ? ಕಾಲವಿ ಹಿಡಕೊಂಡ ಮ್ಯಾಲಕ ಹೋಗ್ತಾರ. ಎಲ್ಲಿತನಕ ನೀರ ಬಂದೈತಿ ಅಂತ ನೋಡ್ತಾರ.”

ಅಪ್ಪ ಲ್ಯಾಪ್‌ಟಾಪು ಮುಟ್ಟಿದವರಲ್ಲ. ಆದರೆ ಈ ವಿಷಯದ ಸಾರವೆಲ್ಲ ಅವರ ಆ ಮಾತಿನಲ್ಲಿದೆ. ಘಟಪ್ರಭೆಯ ನೀರು ನಮ್ಮ ಹೊಲ ಮುಟ್ಟುವ ಬಗೆಯನ್ನು ನಮ್ಮ ಭಾಗದವರೆಲ್ಲ ಬಲ್ಲರು. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಜಲಾಶಯವಿದೆ. ಅಲ್ಲಿಂದ ಹರಿದ ನೀರನ್ನು ಧೂಪದಾಳದ ಒಡ್ಡು ತಡೆದು ಎಡದಂಡೆಯ ಕಾಲುವೆಗೆ ತಿರುಗಿಸುತ್ತದೆ. ದೊಡ್ಡ ಕಾಲುವೆಯಿಂದ ಉಪಕಾಲುವೆ, ಉಪಕಾಲುವೆಯಿಂದ ಹೊಲಗಾಲುವೆ, ಕೊನೆಗೆ ಹೊಲ. ಒಂದೊಂದು ಹಂತವೂ ನೀರನ್ನು ತನ್ನ ಮುಂದಿನದಕ್ಕೆ ಒಪ್ಪಿಸಿ ತನ್ನ ಕೆಲಸ ಮುಗಿಸುತ್ತದೆ. ಎಲ್ಲಿಯಾದರೂ ಒಂದೆಡೆ ಕಟ್ಟೆ ಒಡೆದರೂ ಹೊಲ ಒಣಗುತ್ತದೆ, ಆದರೆ ಹೊಲ ಕೆಟ್ಟಿರುವುದಿಲ್ಲ. ಗಣಕಯಂತ್ರ ಏಳುವುದೂ ಇದೇ ಪರಿಯಲ್ಲಿ. ಇದಕ್ಕೆ ಇಂಗ್ಲಿಷಿನಲ್ಲಿ ‘ಬೂಟ್’ ಎನ್ನುತ್ತಾರೆ. ‘ಬೂಟ್‌ಸ್ಟ್ರ್ಯಾಪ್’ ಎಂಬುದು ಪೂರ್ಣ ಶಬ್ದ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲಕ್ಕೆತ್ತಿಕೊಳ್ಳುವುದೆಂದು ಅದರ ಅರ್ಥ. ಮಲಗಿದ ಯಂತ್ರವು ತನ್ನನ್ನು ತಾನೇ ಎಬ್ಬಿಸಿಕೊಳ್ಳಬೇಕಾದುದರಿಂದ ಈ ಹೆಸರು ಒಪ್ಪುತ್ತದೆ.

ಈ ಏಳುವಿಕೆಯಲ್ಲಿ ಐದು ಹಂತಗಳಿವೆ. ಗುಂಡಿ ಒತ್ತಿದೊಡನೆ ಮೊದಲು ಎಚ್ಚರಾಗುವುದು ಯಂತ್ರದ ಫಲಕದ ಮೇಲೆಯೇ ಇರುವ ಫರ್ಮ್‌ವೇರ್. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯಾಸ್ ಎಂದೂ ಈಚಿನವುಗಳಲ್ಲಿ ಯುಇಎಫ್‌ಐ ಎಂದೂ ಹೆಸರು. ಅದು ಕೀಲಿಮಣೆ, ಸ್ಮೃತಿ, ಡಿಸ್ಕು ಎಲ್ಲವೂ ಸ್ವಸ್ಥಾನದಲ್ಲಿವೆಯೇ ಎಂದು ನೋಡಿ, ಡಿಸ್ಕಿನಲ್ಲಿರುವ ಗ್ರಬ್ ಎಂಬ ಎರಡನೆಯ ಹಂತಕ್ಕೆ ಕೆಲಸ ಒಪ್ಪಿಸುತ್ತದೆ. ಯಾವ ವ್ಯವಸ್ಥೆಯನ್ನು ಎಬ್ಬಿಸಬೇಕೆಂದು ಪಟ್ಟಿ ತೋರಿಸಿ ಕೇಳುವುದು ಗ್ರಬ್ಬಿನ ಕೆಲಸ. ಮೂರನೆಯದು ಕರ್ನಲ್, ಅಂದರೆ ಲಿನಕ್ಸಿನ ತಿರುಳು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೈನಸ್ ಟೊರ್ವಾಲ್ಡ್ಸ್ ಎಂಬಾತ ಬರೆಯಲಾರಂಭಿಸಿದುದು ಈ ಭಾಗವನ್ನು. ಕರ್ನಲ್ಲಿನ ಜೊತೆಗೆ ‘ಇನಿಟ್‌ರ್ಯಾಮ್‌ಎಫ್‌ಎಸ್’ ಎಂಬ ಚಿಕ್ಕ ಬುತ್ತಿಗಂಟೊಂದು ಬರುತ್ತದೆ. ನಿಜವಾದ ಡಿಸ್ಕಿನ ಬಾಗಿಲು ತೆರೆಯುವತನಕ ಬೇಕಾಗುವ ಸಾಮಗ್ರಿ ಅದರಲ್ಲಿರುತ್ತದೆ. ಬಾಗಿಲು ತೆರೆದ ಮೇಲೆ ನಾಲ್ಕನೆಯವನಾದ ‘ಸಿಸ್ಟಮ್‌ಡಿ’ ಮನೆಯ ಯಜಮಾನನಂತೆ ಒಬ್ಬೊಬ್ಬ ಸೇವಕನನ್ನೂ ಎಬ್ಬಿಸುತ್ತದೆ. ಐದನೆಯದಾಗಿ ಹೆಸರು ಮತ್ತು ಗುಪ್ತಪದ ಕೇಳುವ ಚಿತ್ರಪರದೆ ಕಾಣಿಸಿಕೊಳ್ಳುತ್ತದೆ. ನಮ್ಮ ಪಾಲಿಗೆ ಅದೇ ಹೊಲ.

ಆದುದರಿಂದ ಯಂತ್ರ ಏಳದಿದ್ದಾಗ ಕೇಳಬೇಕಾದ ಮೊದಲ ಪ್ರಶ್ನೆ, ‘ನೀರು ಎಲ್ಲಿಯತನಕ ಬಂದಿದೆ?’ ಎಂಬುದು. ಪರದೆಯ ಮೇಲೆ ಕೊನೆಗೆ ಕಂಡದ್ದೇನು ಎಂಬುದರಿಂದಲೇ ಇದನ್ನು ಅರಿಯಬಹುದು. ಆ ಅಕ್ಷರಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ನಮಗೆ ಅರ್ಥವಾಗದಿದ್ದರೂ ಬಲ್ಲವರಿಗೆ ಅದೇ ನಾಡಿ.

ಇನ್ನು ಒಂದೊಂದು ಹಂತದ ದೋಷವನ್ನೂ ಪರಿಹಾರವನ್ನೂ ನೋಡೋಣ. ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಯಂತ್ರಕ್ಕೆ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಕೊಡತಕ್ಕದ್ದು.

ಗುಂಡಿ ಒತ್ತಿದರೂ ದೀಪವಿಲ್ಲ, ಕಂಪನಿಯ ಚಿಹ್ನೆಯೂ ಇಲ್ಲ ಎಂದರೆ ತಪ್ಪು ಲಿನಕ್ಸಿನದಲ್ಲ, ಅಣೆಕಟ್ಟಿನಲ್ಲಿಯೇ ನೀರಿಲ್ಲ. ಚಾರ್ಜರನ್ನು ತೆಗೆದು, ಬ್ಯಾಟರಿ ಬಿಚ್ಚಬರುವಂತಿದ್ದರೆ ಅದನ್ನೂ ಬಿಚ್ಚಿ, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಚಾರ್ಜರು ಜೋಡಿಸಿ ನೋಡಬೇಕು. ಎಷ್ಟೋ ವೇಳೆ ಇಷ್ಟರಿಂದಲೇ ಯಂತ್ರ ಏಳುವುದುಂಟು. ಸ್ಮೃತಿಯ ಪಟ್ಟಿಕೆ ಸಡಿಲಾಗಿದ್ದರೂ ಹೀಗಾಗುತ್ತದೆ. ಅದು ಅಂಗಡಿಯವರ ಕೆಲಸ.

ಚಿಹ್ನೆ ಕಂಡಿತು, ಆದರೆ ‘ಬೂಟ್ ಮಾಡಬಹುದಾದ ಸಾಧನವಿಲ್ಲ’ ಎಂಬ ಅರ್ಥದ ಮಾತು ಬಂತು, ಇಲ್ಲವೆ ಎರಡೂ ವ್ಯವಸ್ಥೆಗಳಿರುವ ಯಂತ್ರ ನೇರವಾಗಿ ವಿಂಡೋಸಿಗೆ ಹೋಯಿತು ಎಂದಾದರೆ ತಪ್ಪು ಮೊದಲ ಮತ್ತು ಎರಡನೆಯ ಹಂತಗಳ ನಡುವೆ ಇದೆ. ಯಂತ್ರ ಹೊತ್ತುವಾಗಲೇ ಎಫ್2, ಎಫ್12, ಎಸ್ಕೇಪ್, ಡಿಲೀಟ್ ಇವುಗಳಲ್ಲಿ ಆಯಾ ಕಂಪನಿಯವರು ಗೊತ್ತುಮಾಡಿದ ಕೀಲಿಯನ್ನು ಒತ್ತಿ ಫರ್ಮ್‌ವೇರಿನ ಪುಟಕ್ಕೆ ಹೋಗಬೇಕು. ಅಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯೇ? ಕಾಣದಿದ್ದರೆ ಡಿಸ್ಕು ಸಡಿಲಾಗಿರಬೇಕು ಅಥವಾ ಕೆಟ್ಟಿರಬೇಕು. ಕಂಡರೆ, ಏಳುವ ಸರದಿಯಲ್ಲಿ ಲಿನಕ್ಸಿನ ಹೆಸರನ್ನು ಮೇಲಕ್ಕೆ ತರಬೇಕು. ದಿನಾಂಕವೂ ಹಿಂದಕ್ಕೆ ಹೋಗಿದ್ದರೆ ಒಳಗಿನ ಗುಂಡು ಬ್ಯಾಟರಿ ತೀರಿದೆಯೆಂದೂ ಅದರಿಂದಲೇ ಸರದಿ ಮರೆತುಹೋಗಿದೆಯೆಂದೂ ಊಹಿಸಬಹುದು.

ಇದೇ ಎಡೆಯಲ್ಲಿ ‘ಸೆಕ್ಯೂರ್ ಬೂಟ್’ ಎಂಬ ಕಾವಲುಗಾರನೂ ಇದ್ದಾನೆ. ಪರಿಚಿತ ಮುದ್ರೆಯಿಲ್ಲದ ಯಾವುದನ್ನೂ ಆತ ಒಳಗೆ ಬಿಡುವುದಿಲ್ಲ. 2024ರ ಆಗಸ್ಟಿನಲ್ಲಿ ವಿಂಡೋಸಿನ ಒಂದು ಪರಿಷ್ಕರಣೆಯ ತರುವಾಯ, ಎರಡೂ ವ್ಯವಸ್ಥೆಗಳಿದ್ದ ಯಂತ್ರಗಳು ಹಲವು ದೇಶಗಳಲ್ಲಿ ಲಿನಕ್ಸನ್ನು ಎಬ್ಬಿಸದೆ ಹೋದವು. ಹಳೆಯ ಮುದ್ರೆಯ ಲಿನಕ್ಸನ್ನು ಕಾವಲುಗಾರ ತಡೆದದ್ದೇ ಅದಕ್ಕೆ ಕಾರಣ. ಅಂಥ ವೇಳೆ ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಲಿನಕ್ಸಿನೊಳಗೆ ಹೋಗಿ ಅದನ್ನು ಪರಿಷ್ಕರಿಸಿ, ಮತ್ತೆ ಆರಂಭಿಸುವುದು ಸರಿಯಾದ ಮಾರ್ಗ. ವಿಂಡೋಸಿನ ಭಾಗಕ್ಕೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಮೊದಲು ಅದರ ಮರುಪ್ರಾಪ್ತಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಇಲ್ಲವಾದರೆ ಒಂದು ಬಾಗಿಲು ತೆರೆಯಹೋಗಿ ಇನ್ನೊಂದು ಮುಚ್ಚೀತು.

ಕರಿಯ ಪರದೆಯ ಮೇಲೆ ‘ಗ್ರಬ್’ ಅಥವಾ ‘ಗ್ರಬ್ ರೆಸ್ಕ್ಯೂ’ ಎಂಬ ಶಬ್ದ ಮಿನುಗುತ್ತಿದ್ದರೆ ಎರಡನೆಯ ಹಂತ ಎದ್ದಿದೆ, ಆದರೆ ತನ್ನ ಪಟ್ಟಿಯಿರುವ ಜಾಗವನ್ನು ಕಾಣದಾಗಿದೆ. ಡಿಸ್ಕಿನ ಭಾಗಗಳನ್ನು ಅಳಿಸಿದಾಗ ಅಥವಾ ಅವುಗಳ ಅಳತೆ ಬದಲಿಸಿದಾಗ ಇದು ಸಾಮಾನ್ಯ. ಪೆನ್‌ಡ್ರೈವಿನಿಂದ ಲಿನಕ್ಸನ್ನು ಎಬ್ಬಿಸಿ ಗ್ರಬ್ಬನ್ನು ಮರುಸ್ಥಾಪಿಸಿದರೆ ಸಾಕು. ಲಿನಕ್ಸ್ ಮಿಂಟಿನ ಪೆನ್‌ಡ್ರೈವಿನಲ್ಲಿ ಇದಕ್ಕೆಂದೇ ‘ಬೂಟ್ ರಿಪೇರ್’ ಎಂಬ ಸಲಕರಣೆ ಇದೆ.

ಗ್ರಬ್ಬಿನ ಪಟ್ಟಿ ಬಂತು, ಆಮೇಲೆ ‘ಕರ್ನಲ್ ಪ್ಯಾನಿಕ್’ ಎಂದು ನಿಂತಿತು ಎನ್ನೋಣ. ಹೆಸರು ಕೇಳಿ ಗಾಬರಿಯಾಗಬೇಕಾಗಿಲ್ಲ. ಹೊಸ ಕರ್ನಲ್ ಬಂದಾಗ ಅದರ ಬುತ್ತಿಗಂಟು ಸರಿಯಾಗಿ ಸಿದ್ಧವಾಗದಿದ್ದರೆ ಹೀಗಾಗುತ್ತದೆ. ‘ಬೂಟ್’ ಎಂಬ ಭಾಗ ತುಂಬಿಹೋಗಿದ್ದರೆ ಗಂಟು ಕಟ್ಟಲು ಸ್ಥಳವೇ ಇರುವುದಿಲ್ಲ. ಲಿನಕ್ಸ್ ಹಳೆಯ ಕರ್ನಲನ್ನು ಕೂಡಲೆ ಎಸೆಯುವುದಿಲ್ಲ. ಗ್ರಬ್ಬಿನಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ಎಂಬ ಸಾಲನ್ನು ಆರಿಸಿದರೆ ಹಿಂದಿನದು ಸಿಗುತ್ತದೆ. ಅದರಿಂದ ಎದ್ದು ಹೊಸದನ್ನು ದುರಸ್ತು ಮಾಡಿಕೊಳ್ಳಬಹುದು. ಪಟ್ಟಿ ತಾನಾಗಿ ಕಾಣದಿದ್ದರೆ ಚಿಹ್ನೆ ಬಂದ ಕೂಡಲೆ ಎಸ್ಕೇಪ್ ಕೀಲಿಯನ್ನು, ಬಯಾಸಿನ ಯಂತ್ರಗಳಲ್ಲಿ ಶಿಫ್ಟ್ ಕೀಲಿಯನ್ನು ಒತ್ತಬೇಕು.

‘ಎಮರ್ಜೆನ್ಸಿ ಮೋಡ್’ ಎಂದು ಬಂದರೆ ದೋಷ ನಾಲ್ಕನೆಯ ಹಂತದ್ದು. ಯಾವ ಯಾವ ಡಿಸ್ಕಿನ ಭಾಗಗಳನ್ನು ಜೋಡಿಸಬೇಕೆಂಬುದನ್ನು ಲಿನಕ್ಸ್ ‘ಎಫ್‌ಎಸ್‌ಟ್ಯಾಬ್’ ಎಂಬ ಕಡತದಲ್ಲಿ ಬರೆದುಕೊಂಡಿರುತ್ತದೆ. ಅದರಲ್ಲಿರುವ ಒಂದು ಭಾಗ ಈಗ ಇಲ್ಲವಾಗಿದ್ದರೆ ಸಿಸ್ಟಮ್‌ಡಿ 90 ಸೆಕೆಂಡು ಕಾಯ್ದು ನಿರಾಶೆಯಿಂದ ನಿಂತುಬಿಡುತ್ತದೆ. ಆ ಸಾಲಿನ ಮೊದಲಿಗೆ ಒಂದು ಹ್ಯಾಶ್ ಗುರುತು ಹಾಕಿದರೆ ಅದು ಅದನ್ನು ಓದದೆ ಮುಂದೆ ಸಾಗುತ್ತದೆ.

ಎಲ್ಲವೂ ಎದ್ದು ಕೊನೆಗೆ ಪರದೆ ಕಪ್ಪಾದರೆ ಚಿತ್ರಫಲಕದ ಚಾಲಕದ ಮೇಲೆ ಸಂಶಯ ಪಡಬೇಕು. ಗ್ರಬ್ಬಿನ ಪಟ್ಟಿಯ ಸಾಲಿನ ಮೇಲೆ ನಿಂತು ‘ಇ’ ಒತ್ತಿದರೆ ಒಳಗಿನ ಬರಹ ತೆರೆಯುತ್ತದೆ. ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನ ಕೊನೆಯಲ್ಲಿ ‘ನೋಮೋಡ್‌ಸೆಟ್’ ಎಂದು ಸೇರಿಸಿ ಎಫ್10 ಒತ್ತಿದರೆ ಒಂದು ಸಲದ ಮಟ್ಟಿಗೆ ಯಂತ್ರ ಸಾದಾ ಚಿತ್ರದಲ್ಲಿ ಏಳುತ್ತದೆ. ಆಮೇಲೆ ತಕ್ಕ ಚಾಲಕವನ್ನು ಹಾಕಿಕೊಳ್ಳಬಹುದು. ಅದೇ ಸಾಲಿನಲ್ಲಿರುವ ‘ಕ್ವಾಯಟ್’, ‘ಸ್ಪ್ಲ್ಯಾಶ್’ ಎಂಬ ಎರಡು ಶಬ್ದಗಳನ್ನು ತೆಗೆದರೆ, ಅಂದವಾದ ಚಿತ್ರದ ಹಿಂದೆ ಅಡಗಿದ್ದ ಮಾತುಗಳೆಲ್ಲ ಹೊರಬಂದು ನೀರು ನಿಂತ ಜಾಗ ಕಾಣುತ್ತದೆ. ಗುಪ್ತಪದ ಸರಿಯಾಗಿ ಕೊಟ್ಟರೂ ಮತ್ತೆ ಮತ್ತೆ ಅದನ್ನೇ ಕೇಳುತ್ತಿದ್ದರೆ ಡಿಸ್ಕು ತುಂಬಿರುವ ಸಂಭವ ಹೆಚ್ಚು. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ ಅಕ್ಷರದ ಪರದೆಗೆ ಹೋಗಿ ಬೇಡವಾದುದನ್ನು ತೆಗೆದರೆ ದಾರಿ ತೆರೆಯುತ್ತದೆ.

ಇನ್ನು ನನ್ನ ಯಂತ್ರದ ಕಥೆಗೆ ಬರುತ್ತೇನೆ. ಅಪ್ಪ ಹೇಳಿದಂತೆ ಕಾಲುವೆ ಹಿಡಿದು ನಡೆದೆ. ಚಿಹ್ನೆ ಬರುತ್ತಿತ್ತು, ಅಂದರೆ ಹಿಡಕಲ್ಲಿನಲ್ಲಿ ನೀರುಂಟು. ಗ್ರಬ್ಬಿನ ಪಟ್ಟಿಯೂ ಬಂತು, ಧೂಪದಾಳ ದಾಟಿತು. ಹಳೆಯ ಕರ್ನಲನ್ನು ಆರಿಸಿದರೂ ಫಲ ಅದೇ ಆದುದರಿಂದ ಕರ್ನಲ್ಲಿನ ದೋಷವಲ್ಲವೆಂದು ತಿಳಿಯಿತು. ಆ ನಾಲ್ಕು ಸಾಲುಗಳನ್ನು ಈಗ ಸಾವಧಾನದಿಂದ ಓದಿದೆ. ‘ಡಿಸ್ಕಿನ ಲೆಕ್ಕದಲ್ಲಿ ಅನಿರೀಕ್ಷಿತ ಅಸಂಗತಿ, ಎಫ್‌ಎಸ್‌ಸಿಕೆಯನ್ನು ಕೈಯಾರೆ ನಡೆಸಿರಿ’ ಎಂಬುದು ಅವುಗಳ ಭಾವ. ತನಗೇನಾಗಿದೆಯೆಂದೂ ಅದಕ್ಕೆ ಮದ್ದು ಯಾವುದೆಂದೂ ಯಂತ್ರ ತಾನೇ ಬರೆದು ತೋರಿಸುತ್ತಿತ್ತು! ಅಂಗಡಿಯಲ್ಲಿ ಅದನ್ನು ಯಾರೂ ಓದಲಿಲ್ಲ, ನಾನೂ ಓದಿರಲಿಲ್ಲ.

ಇದರ ಅರ್ಥವಿಷ್ಟು. ಡಿಸ್ಕಿನಲ್ಲಿ ಯಾವ ಕಡತ ಎಲ್ಲಿದೆ ಎಂಬುದಕ್ಕೆ ಗ್ರಂಥಾಲಯದ ಸೂಚಿಯಂತೆ ಒಂದು ಲೆಕ್ಕವಿರುತ್ತದೆ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಸೂಚಿಗೂ ಕಪಾಟಿಗೂ ತಾಳೆ ತಪ್ಪುತ್ತದೆ. ಎಫ್‌ಎಸ್‌ಸಿಕೆ ಎಂಬುದು ಆ ತಾಳೆಯನ್ನು ಮತ್ತೆ ಸರಿಪಡಿಸುವ ಗ್ರಂಥಪಾಲಕ. ಸೂಚಿ ಕೆಟ್ಟಿತೆಂದು ಪುಸ್ತಕಗಳನ್ನೆಲ್ಲ ಸುಡುವವರುಂಟೇ?

ಆದರೆ ದುರಸ್ತಿಗೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಈ ಲೇಖನದಲ್ಲಿ ನೆನಪಿಡತಕ್ಕ ಒಂದೇ ಮಾತಿದ್ದರೆ ಅದು ಇದು. ಇದ್ದುದನ್ನು ಮೊದಲು ಹೊರಗೆ ತೆಗೆದಿಟ್ಟುಕೊಳ್ಳಬೇಕು. ಗೆಳೆಯನ ಯಂತ್ರದಲ್ಲಿ ಲಿನಕ್ಸ್ ಮಿಂಟಿನ ಸುಮಾರು 3 ಜಿಬಿಯ ಪ್ರತಿಯನ್ನು ಇಳಿಸಿ, 8 ಜಿಬಿಯ ಪೆನ್‌ಡ್ರೈವಿಗೆ ರೂಫಸ್ ಎಂಬ ಸಲಕರಣೆಯಿಂದ ಬರೆದುಕೊಂಡೆ. ಸುಮ್ಮನೆ ನಕಲು ಮಾಡಿದರೆ ಅದು ಏಳುವುದಿಲ್ಲ, ಹೀಗೆಯೇ ಬರೆಯಬೇಕು. ಆ ಪೆನ್‌ಡ್ರೈವಿನಿಂದ ನನ್ನ ಲ್ಯಾಪ್‌ಟಾಪು ಎದ್ದಿತು. ಡಿಸ್ಕನ್ನು ಸ್ಪರ್ಶಿಸದೆ ಸ್ಮೃತಿಯಲ್ಲಿಯೇ ನಡೆಯುವ ಈ ಲಿನಕ್ಸಿನೊಳಗಿಂದ ಡಿಸ್ಕಿನ ಬಾಗಿಲನ್ನು ‘ಓದಲು ಮಾತ್ರ’ ಎಂಬ ನಿಯಮದಿಂದ ತೆರೆದಾಗ ನನ್ನ ಕಡತಗಳು ಇದ್ದಲ್ಲಿಯೇ ಇದ್ದವು. ಅವುಗಳನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಲು ಅರ್ಧ ತಾಸು ಹಿಡಿಯಿತು. ಡಿಸ್ಕು ಟಿಕ್ ಟಿಕ್ ಸಪ್ಪಳ ಮಾಡುತ್ತಿದ್ದರೆ ಮಾತ್ರ ಅದು ಯಂತ್ರಭಾಗದ ಕೇಡು. ಆಗ ಕೂಡಲೆ ನಿಲ್ಲಿಸಿ ಬಲ್ಲವರಿಗೆ ಒಪ್ಪಿಸಬೇಕು.

ನಕಲು ಮುಗಿದ ಮೇಲೆ ಡಿಸ್ಕನ್ನು ಬಿಚ್ಚಿದ ಸ್ಥಿತಿಗೆ ತಂದು ಎಫ್‌ಎಸ್‌ಸಿಕೆ ನಡೆಸಿದೆ. ಆಜ್ಞೆಯ ಹೆಸರು, ಒಂದು ತೆರವು, ಅಡ್ಡಗೆರೆ ಮತ್ತು ವೈ, ಮತ್ತೊಂದು ತೆರವು, ಆಮೇಲೆ ಆ ಭಾಗದ ಹೆಸರು; ನನ್ನದರಲ್ಲಿ ಅದು ‘ಡೆವ್’ ಒಳಗಿನ ‘ಎಸ್‌ಡಿಎ2’. ಜೋಡಿಸಿದ ಸ್ಥಿತಿಯಲ್ಲಿರುವ ಭಾಗದ ಮೇಲೆ ಇದನ್ನು ಎಂದೂ ನಡೆಸಬಾರದು. ಓಡುವ ಬಂಡಿಯ ಗಾಲಿ ಬಿಚ್ಚಿದಂತಾದೀತು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಪೆನ್‌ಡ್ರೈವು ತೆಗೆದು ಗುಂಡಿ ಒತ್ತಿದಾಗ ಯಂತ್ರ ಎಂದಿನಂತೆ ಎದ್ದು ನನ್ನ ಹೆಸರು ಕೇಳಿತು.

43 ಪದಗಳಲ್ಲಿ 42 ಪೂರ್ಣವಾಗಿ ದೊರೆತವು. ಅಂದು ರಾತ್ರಿ ನಾನು ತಿದ್ದುತ್ತಿದ್ದ ಪದ ಮಾತ್ರ ಅರ್ಧಕ್ಕೆ ನಿಂತಿದೆ. ಎಫ್‌ಎಸ್‌ಸಿಕೆ ತನಗೆ ಸಿಕ್ಕ ತುಣುಕುಗಳನ್ನು ‘ಲಾಸ್ಟ್ ಆ್ಯಂಡ್ ಫೌಂಡ್’ ಎಂಬ ಕೋಣೆಯಲ್ಲಿ ಇಡುತ್ತದೆ. ಅಲ್ಲಿಯೂ ಹುಡುಕಿದೆ, ಉಳಿದರ್ಧ ಸಿಗಲಿಲ್ಲ. ಹಾಡಿದವರನ್ನು ಮತ್ತೆ ಕೇಳುವಂತಿಲ್ಲ. ಫಾರ್ಮ್ಯಾಟಿಗೆ ಅಂದು ಒಪ್ಪಿದ್ದರೆ ಉಳಿದ 42 ಪದಗಳ ಗತಿಯೂ ಅದೇ ಆಗುತ್ತಿತ್ತು. ಆ ಅರ್ಧ ಪದ ಮಾತ್ರ ನನ್ನ ಅಜಾಗರೂಕತೆಗೆ ಸಾಕ್ಷಿಯಾಗಿ ಉಳಿದಿದೆ.

‘ಇಷ್ಟೆಲ್ಲ ತೊಂದರೆಯಾದರೆ ಲಿನಕ್ಸಾದರೂ ಏಕೆ ಬೇಕು?’ ಎಂದು ಕೆಲವರು ಕೇಳಬಹುದು. ವಿಂಡೋಸ್ 10ಕ್ಕೆ ಅದರ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಬೇಕಾದ ಸಲಕರಣೆಗಳು ಹಳೆಯ ಯಂತ್ರಗಳಲ್ಲಿಲ್ಲ. ಕಬ್ಬಿನ ಬಿಲ್ಲಿನ ಹಣದಲ್ಲಿ ಮಗನಿಗೆ ಹಳೆಯ ಲ್ಯಾಪ್‌ಟಾಪು ಕೊಡಿಸುವ ತಂದೆಗೆ ಹೊಸದನ್ನು ಕೊಡಿಸೆನ್ನುವುದು ಸುಲಭವಲ್ಲ. ಲಿನಕ್ಸಿಗೆ ಬೆಲೆಯಿಲ್ಲ, ಹಳೆಯ ಯಂತ್ರದಲ್ಲಿಯೂ ನಡೆಯುತ್ತದೆ, ಕನ್ನಡದಲ್ಲಿಯೂ ಕೆಲಸ ಮಾಡುತ್ತದೆ. ನಮ್ಮ ನಾಡಿಗೆ ಅದು ಹೊಸದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಇತರರೂ ಕೂಡಿ ಶತಮಾನದ ಆರಂಭದಲ್ಲಿ ಜನಸಾಮಾನ್ಯರಿಗೆಂದು ರೂಪಿಸಿದ ‘ಸಿಂಪ್ಯೂಟರ್’ ಎಂಬ ಕೈಗಣಕ ನಡೆಯುತ್ತಿದ್ದುದು ಲಿನಕ್ಸಿನಿಂದಲೇ. ಮತ್ತೊಂದು ಗುಣವೆಂದರೆ, ತನ್ನ ನೋವನ್ನು ಅದು ಮುಚ್ಚಿಡುವುದಿಲ್ಲ. ಓದುವ ತಾಳ್ಮೆಯೊಂದು ನಮಗಿರಬೇಕು.

ಕೊನೆಯಲ್ಲಿ ಎರಡು ವಿನಂತಿಗಳು. ಏಳುವ ಪೆನ್‌ಡ್ರೈವೊಂದನ್ನು ಯಂತ್ರ ಚೆನ್ನಾಗಿರುವಾಗಲೇ ಮಾಡಿ ಇಟ್ಟುಕೊಳ್ಳಿರಿ. ಬಾವಿಯನ್ನು ಮನೆಗೆ ಬೆಂಕಿ ಬಿದ್ದಾಗ ತೋಡಲಾಗದು. ಮುಖ್ಯವಾದುದರ ಪ್ರತಿಯನ್ನು ಯಾವಾಗಲೂ ಬೇರೊಂದೆಡೆ ಇಡಿರಿ. ಮಿಂಟಿನಲ್ಲಿರುವ ‘ಟೈಮ್‌ಶಿಫ್ಟ್’ ವ್ಯವಸ್ಥೆಯ ಕಡತಗಳನ್ನು ಕಾಯುತ್ತದೆಯೇ ಹೊರತು, ನಾವು ಹೇಳದಿದ್ದರೆ ನಮ್ಮ ಸ್ವಂತದ ಕಡತಗಳನ್ನು ಕಾಯುವುದಿಲ್ಲ ಎಂಬುದು ನೆನಪಿರಲಿ.

ಆ 42 ಪದಗಳ ಒಂದು ಪ್ರತಿ ಈಗ ನಮ್ಮ ಕನ್ನಡ ವಿಭಾಗದಲ್ಲಿಯೂ ಇದೆ, ಇನ್ನೊಂದು ಆ ಹಿರಿಯರ ಮನೆಯಲ್ಲಿದೆ. ಸಹಪಾಠಿಗಳಲ್ಲಿ ಯಾರ ಯಂತ್ರವಾದರೂ ಏಳದೆ ಮಲಗಿದರೆ ಅಂಗಡಿಗೆ ಓಡುವ ಮುನ್ನ ಪರದೆಯ ಮೇಲಿನ ಕೊನೆಯ ಸಾಲನ್ನು ಒಮ್ಮೆ ಓದಿರಿ. ನೀರು ಎಲ್ಲಿ ನಿಂತಿದೆಯೆಂಬುದು ಬಹುಮಟ್ಟಿಗೆ ಅಲ್ಲಿಯೇ ಬರೆದಿರುತ್ತದೆ.